ಕೈಗೆ ಬಾರದ ಕಾಸಿಗೆ ತೆರಿಗಿ

(ಹಾನಗಲ್. ಭತ್ತ ಬೆಳೆಯುವ ಅಪ್ಪ; ಬೆಂಗಳೂರಿನ ಸ್ಟಾರ್ಟಪ್‌ನಿಂದ ಬಂದ ಮಗ.)

ಮಗ: ಕಂಪನಿ ಹತ್ತು ರೂಪಾಯಿಗೊಂದರಂಗ ಸಾವಿರ ಶೇರು ಕೊಡತೈತಿ. ಮರ್ಚೆಂಟ್ ಬ್ಯಾಂಕರ್ ಒಂದಕ್ಕ 510 ರೂಪಾಯಿ ಬೆಲಿ ಕಟ್ಯಾನ.

ಅಪ್ಪ: ಭೇಷ್! ನಾಳೆ ಮಾರಿ ಐದು ಲಕ್ಷ ತಾ.

ಮಗ: ಕೊಳ್ಳಾವ್ರ ಇಲ್ಲ. ಆದ್ರೂ ಆ ಐದು ಲಕ್ಷ ಸಂಬಳಾ ಅಂತ. 30% ಸ್ಲ್ಯಾಬಿಗೆ ಒಂದೂವರೆ ಲಕ್ಷ ತೆರಿಗಿ, ಮ್ಯಾಲೆ ಸೆಸ್ಸು.

ಅಪ್ಪ: ಭತ್ತ ಹಾಲುಗಾಳು ಇದ್ದಾಗ ದಲಾಲಿನೂ ಕಮಿಷನ್ ಕೇಳೂದಿಲ್ಲಲೇ!

ಮಗ: 2020ರ ಬಜೆಟ್ ದಾರಿ ಮಾಡೇತಿ. ಸುಮಾರು ಐದು ವರ್ಷ ಮುಂದೂಡಬಹುದು. ನಡುವ ಶೇರು ಮಾರಿದ್ರ, ನೌಕರಿ ಬಿಟ್ರ ಆಗಲೇ ಕಟ್ಟಬೇಕು.

ಅಪ್ಪ: ಮತ್ತ ಮುಂದೂಡು.

ಮಗ: ಅದಕ್ಕ ಕಂಪನಿಗೆ ಅರ್ಹ ಸ್ಟಾರ್ಟಪ್ ಅಂತ ಸರ್ಕಾರದ 80-ಐಎಸಿ ಪ್ರಮಾಣಪತ್ರ ಬೇಕು. ನಮ್ಮದಕ್ಕಿಲ್ಲ.

ಅಪ್ಪ: ಕಂಪನಿ ಮುಳುಗಿದ್ರ ಕಟ್ಟಿದ್ದು ವಾಪಸ್ಸೇನು?

ಮಗ: ಇಲ್ಲ. ಅದು ಬಂಡವಾಳ ನಷ್ಟ. ಸಂಬಳದಾಗ ವಜಾ ಆಗೂದಿಲ್ಲ.

ಅಪ್ಪ: ಲಾಭ ಸಂಬಳದಾಗ, ನಷ್ಟ ಬಂಡವಾಳದಾಗ! ಲೆಕ್ಕ ಬರದಾಂವ ಜಾಣ.

ಮಗ: ಅದಕ್ಕ ಟ್ಯಾಕ್ಸ್ ಪ್ಲಾನಿಂಗ್ ಮಾಡೀನಿ. ನಮ್ಮ ಮಾವಿನ ತೋಟ ಪುರಸಭೆ ಹದ್ದಿನಿಂದ ಎರಡು ಕಿಲೋಮೀಟರ್ ಆಚೆ ಐತಿ. ಮಾರಿದ್ರ ಒಂದು ಪೈಸಾ ತೆರಿಗಿಲ್ಲ!

ಅಪ್ಪ: ಶಾಣ್ಯಾ! ಮಾರಾಕ ಬಾರದ್ದನ್ನ ಕೊಳ್ಳಾಕ, ಮಾರಬಾರದ್ದನ್ನ ಮಾರು.