ಎಡಕ್ಕೆ ತಿರುಗಿದರೆ ಪೋಂ

ನಮ್ಮ ಕಾರಿನ ಎ.ಸಿ. ಈಗ ಬಹಳ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಸರ್ವಿಸ್ ಸೆಂಟರಿನವರು ಕೊನೆಯವರೆಗೂ ಹಿಡಿದುಕೊಂಡಿದ್ದು ಇದೊಂದನ್ನೇ. ರಿಪೇರಿಗೆ ಬಿಟ್ಟಿದ್ದು ಎ.ಸಿ., ಸರಿಹೋಗಿದ್ದೂ ಎ.ಸಿ. "ಹಾರ್ನ್ ಬಗ್ಗೆ ಜಾಬ್ ಕಾರ್ಡಲ್ಲಿ ಏನೂ ಬರ್ಸಿಲ್ವಲ್ಲ ಸರ್" ಎಂದರು. ನಿಜ, ಬರೆಸಿರಲಿಲ್ಲ. ಗಾಡಿ ಒಳಗೆ ಬಿಡುವಾಗ ಹಾರ್ನು ಗುಂಡುಕಲ್ಲಿನ ಹಾಗಿತ್ತು.

ಬೆಂಗಳೂರಲ್ಲಿ ಕಾರಿಗೆ ಎ.ಸಿ. ಯಾಕೋ ಎಂದು ಅಪ್ಪ ಕೇಳುತ್ತಿದ್ದರು. 2016ರ ಏಪ್ರಿಲ್‌ನಲ್ಲಿ ಊರು 39.2 ಡಿಗ್ರಿ ಮುಟ್ಟಿದ ಮೇಲೆ ಕೇಳುವುದನ್ನು ಬಿಟ್ಟರು. ಈ ಬೇಸಿಗೆಯಲ್ಲಿ ಗಾಳಿ ಬರುತ್ತಿತ್ತು, ತಂಪು ಬರುತ್ತಿರಲಿಲ್ಲ. ಕೂಲಿಂಗ್ ಕಾಯಿಲ್ ಲೀಕು. ಎದುರು ಮನೆಯ ಅಂಕಲ್ ಕಾರಣವನ್ನೂ ಕಂಡುಹಿಡಿದರು: "ವಾರವಾರ ಕೆಂಗೇರಿಗೆ ಅತ್ತೆ ಮನೆಗೆ ಹೋಗ್ತೀರಲ್ಲ, ವೃಷಭಾವತಿ ಗಾಳಿ ಕುಡಿದೂ ಕುಡಿದೂ ಕಾಯಿಲ್ ತೂತಾಗಿದೆ." ತವರುಮನೆಯ ದಾರಿಯ ಮೇಲೆ ಬಂದ ಈ ಆರೋಪವನ್ನು ನನ್ನ ಹೆಂಡತಿ ಇನ್ನೂ ಮರೆತಿಲ್ಲ. ಅಂಕಲ್ ಮನೆಗೆ ಹೋಗುತ್ತಿದ್ದ ಕರಿಬೇವು ಅಂದಿನಿಂದ ನಿಂತಿದೆ.

ಈ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಅದನ್ನು ಮುಟ್ಟಬೇಕಾದರೆ ಡ್ಯಾಶ್‌ಬೋರ್ಡ್ ಇಡಿಯಾಗಿ ಬಿಚ್ಚಬೇಕು. ಅದಕ್ಕೂ ಮೊದಲು ಸ್ಟೀರಿಂಗು, ಸ್ಟೀರಿಂಗಿಗೂ ಮೊದಲು ಅದರ ನಡುವಿನ ಏರ್‌ಬ್ಯಾಗು, ಏರ್‌ಬ್ಯಾಗಿಗೂ ಮೊದಲು ಬ್ಯಾಟರಿಯ ವೈರು. ಕಾಯಿಲ್ ಬದಲಾಯಿತು, ಆರ್-134ಎ ಗ್ಯಾಸ್ ತುಂಬಿತು, ಬಿಚ್ಚಿದ್ದೆಲ್ಲ ಮತ್ತೆ ಕೂತಿತು. ಕೂತ ಹಾಗೆ ಕಂಡಿತು. ಬಿಲ್ಲು ಕಟ್ಟಿ, ಹೊಸ ತಂಪಿನಲ್ಲಿ ಬೆವರು ಒಣಗಿಸಿಕೊಳ್ಳುತ್ತಾ ಗೇಟು ದಾಟಿ ಎಡಕ್ಕೆ ತಿರುಗಿಸಿದೆ. ಪೋಂ...! ಬೆಚ್ಚಿಬಿದ್ದು ಸ್ಟೀರಿಂಗ್ ನೆಟ್ಟಗೆ ಮಾಡಿದೆ, ನಿಂತಿತು. ಮುಂದಿದ್ದ ಆಟೋದವರು ತಲೆ ಹೊರಹಾಕಿ, "ಏನ್ ಸಾರ್, ಹಾರ್ಕೊಂಡು ಹೋಗ್ಲಾ?" ಎಂದರು.

ನನ್ನ ಸ್ವಭಾವ ಬಲ್ಲವರಿಗೆ ಇದರ ಸಂಕಟ ಅರ್ಥವಾದೀತು. ನಾನು ಮನೆಯಲ್ಲೂ ಹಾರ್ನ್ ಮಾಡುವವನಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ಮಜ್ಜಿಗೆ ಜಾಸ್ತಿ ಹಾಕಿಕೊಳ್ಳುತ್ತೇನೆ. ಅಂಥವನ ಕಾರು ಬಸವೇಶ್ವರನಗರದ ಪ್ರತಿ ಕ್ರಾಸಿನಲ್ಲೂ ಕೂಗಿಕೊಂಡು ಹೋಗತೊಡಗಿತು. "ನೀವು ಇಷ್ಟು ವರ್ಷ ಒಳಗೇ ಇಟ್ಕೊಂಡಿದ್ದೆಲ್ಲ ಈಗ ಕಾರಿನ ಬಾಯಲ್ಲಿ ಬರ್ತಿದೆ ಕಣ್ರೀ" ಎಂದಳು ಹೆಂಡತಿ.

ಬಲಕ್ಕೆ ತಿರುಗಿದರೆ ಮಾತ್ರ ತುಟಿಪಿಟಕ್ಕೆನ್ನದು. ಹಾಗಾಗಿ ಮಗಳು ಎಡ ತಿರುವಿಲ್ಲದ ದಾರಿಗಳ ನಕ್ಷೆ ಬರೆಯಲು ಕೂತಳು. ಈ ಊರಲ್ಲಿ ಎಡಕ್ಕೆ ತಿರುಗುವುದಕ್ಕೆ ಎಷ್ಟೋ ಕಡೆ ಸಿಗ್ನಲ್ಲಿನ ಹಂಗೂ ಇಲ್ಲ. ಬಲಕ್ಕೆ ತಿರುಗಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು. ಕೆಂಗೇರಿಗೆ ಹೊರಟು ಮಾಗಡಿ ರೋಡಿಗೆ ಬಲಕ್ಕೆ ಸೇರಿಕೊಂಡೆವು, ಸರಿ. ಸುಮನಹಳ್ಳಿಯಲ್ಲಿ ರಿಂಗ್ ರೋಡಿಗೆ ಎಡಕ್ಕೇ ಹೊರಳಬೇಕು, ಬೇರೆ ದಾರಿಯಿಲ್ಲ. ಅಲ್ಲಿ ನಾನು ಕಿಟಕಿ ಇಳಿಸಿ, ಕೈಮುಗಿದುಕೊಂಡೇ ತಿರುಗಿಸುತ್ತಿದ್ದೆ. ಅಂದರೆ ಒಂದು ಕೈ ಮುಗಿದು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಕಡೆಗಂತೂ ತಲೆ ಹಾಕಲಿಲ್ಲ. ಆಸ್ಪತ್ರೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಮನೆಗಳಿರುವ ಬೀದಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾರ್ನ್ ಮಾಡುವಂತಿಲ್ಲ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೂ ಹೇಳುತ್ತವೆ. ರಾತ್ರಿ ಮದುವೆ ಊಟಗಳಿಂದ ಹತ್ತರೊಳಗೆ ವಾಪಸಾಗಲು ನನಗೊಂದು ಗಟ್ಟಿ ಕಾರಣ ಸಿಕ್ಕಿತು. ಕಾರು ಮಾಡಿದ ಉಪಕಾರವನ್ನೂ ಹೇಳಬೇಕಲ್ಲ.

ಕೆಂಗೇರಿ ಉಪನಗರದ ಅತ್ತೆ, "ದೃಷ್ಟಿಯಾಗಿದೆ, ಗಾಳಿ ಆಂಜನೇಯನ ಹತ್ರ ಒಂದು ಪೂಜೆ ಮಾಡಿಸಿ" ಎಂದರು. ಮೈಸೂರು ರಸ್ತೆಯ ಆ ದೇವಸ್ಥಾನದ ಮುಂದೆ ಹೊಸ ಗಾಡಿಗಳು ನಿಂಬೆಹಣ್ಣು ತುಳಿಯುವುದು ದಿನನಿತ್ಯದ ನೋಟ. ಹಳೇ ಗಾಡಿಯೂ ತುಳಿಯಿತು. ಪೂಜೆ ಮುಗಿಸಿ ಎಡಕ್ಕೆ ಹೊರಟಾಗ ಆಂಜನೇಯನಿಗೆ ಶಂಖನಾದವೂ ಆಯಿತು.

ಅಷ್ಟರಲ್ಲಿ ಕಂಪನಿಯಿಂದ ಫೀಡ್‌ಬ್ಯಾಕ್ ಕೇಳುವ ಹುಡುಗಿಯ ಫೋನು. ಸರ್ವಿಸ್ ಅಡ್ವೈಸರ್ ಮೊದಲೇ ಕಿವಿ ಕಚ್ಚಿದ್ದ: "ಹತ್ತಕ್ಕೆ ಹತ್ತು ಕೊಡಿ ಸರ್. ಎಂಟು ಕೊಟ್ರೂ ನಮಗೆ ಸೊನ್ನೆ ಲೆಕ್ಕ." ಪಾಪ, ಅವನಿಗೂ ಹೆಂಡತಿ ಮಕ್ಕಳು. "ಹತ್ತು" ಎಂದೆ. "ಏನಾದ್ರೂ ತೊಂದ್ರೆ ಇದ್ಯಾ ಸರ್?" ಎಂದು ಆಕೆ ಕೇಳಿದಾಗಲೂ, "ಛೆ ಛೆ, ಏನಿಲ್ಲಮ್ಮ" ಎಂದೆ.

ಮನೆಯಲ್ಲಿ ಮಾತ್ರ ನಾನು ಹುಲಿ. ರಾತ್ರಿಯೆಲ್ಲ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿದೆ. ಇದಕ್ಕೆ ಸೇವಾ ನ್ಯೂನತೆ ಎನ್ನುತ್ತಾರೆ, ಸಹಾಯವಾಣಿ 1915, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವೇ ಇಲ್ಲ. ಎಲ್ಲವನ್ನೂ ಏರುದನಿಯಲ್ಲಿ ಓದಿ ಹೇಳಿದೆ. "ಇದನ್ನ ಅವರ ಮುಂದೆ ಹೇಳ್ತೀರಾ?" ಎಂದಳು ಹೆಂಡತಿ. ಕಾಯ್ದೆ ಮಡಿಸಿಟ್ಟೆ.

ಮರುದಿನ ಅವಳೂ ಬಂದಳು. ಸರ್ವಿಸ್ ಸೆಂಟರಿನ ಗೇಟಿನಲ್ಲೂ ಎಡ ತಿರುವು. ಕಾರೇ ದೂರು ಕೊಟ್ಟುಕೊಂಡು ಒಳಗೆ ಹೋಯಿತು. ಅಡ್ವೈಸರ್ ನಗುನಗುತ್ತಾ, "ಎ.ಸಿ. ಹೇಗಿದೆ ಸರ್?" ಎಂದ. "ತುಂಬಾ ಚೆನ್ನಾಗಿದೆ" ಎಂದೆ. ಹೆಂಡತಿ ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ಹಾರ್ನಿನ ಕಥೆ ಹೇಳಿದಾಗ ಅವನು ಕಂಪ್ಯೂಟರ್ ತಿರುಗಿಸಿ ತೋರಿಸಿದ: "ಸರ್, ನೀವೇ ಹತ್ತು ಕೊಟ್ಟಿದ್ದೀರಲ್ಲ. ಇದು ಬೇರೆ ಕಂಪ್ಲೇಂಟ್, ಹೊಸ ಜಾಬ್ ಕಾರ್ಡ್ ಆಗುತ್ತೆ. ಲೇಬರ್ ಪ್ಲಸ್ ಹದಿನೆಂಟು ಪರ್ಸೆಂಟ್ ಜಿ.ಎಸ್.ಟಿ."

"ಆ ಹತ್ತು ಎ.ಸಿ.ಗೆ. ಹಾರ್ನಿಗೆ ಮಾರ್ಕ್ಸ್ ನಾನು ಕೊಡ್ತೀನಿ" ಎಂದಳು ಹೆಂಡತಿ. "ಸ್ಟೀರಿಂಗ್ ಬಿಚ್ಚಿದ್ದು ಯಾರು, ನಮ್ಮನೇಲಾ?"

ಬಿಚ್ಚಿದರು. ಕೀಲಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಒಂದು ಪಟ್ಟಿ ಸ್ಟೀರಿಂಗಿನ ಕೆಳಗಿರುತ್ತದೆ, ಕ್ಲಾಕ್ ಸ್ಪ್ರಿಂಗ್. ಚಕ್ರ ಎಷ್ಟು ತಿರುಗಿದರೂ ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟು ತಪ್ಪದಂತೆ ನೋಡಿಕೊಳ್ಳುವುದು ಅದು. ಅದರ ಪಕ್ಕದ ಹಾರ್ನಿನ ವೈರು, ಜೋಡಿಸುವಾಗ ಸಿಕ್ಕಿಕೊಂಡು, ಸಿಪ್ಪೆ ಸುಲಿದು, ಎಡಕ್ಕೆ ತಿರುಗಿದಾಗಲೆಲ್ಲ ಕಬ್ಬಿಣಕ್ಕೆ ತಾಗಿ ಅರ್ತ್ ಆಗುತ್ತಿತ್ತು. ಹಾರ್ನ್ ಗುಂಡಿ ಒತ್ತಿದಾಗ ಆಗುವುದೂ ಅಷ್ಟೇ. ತಾಮ್ರ ಮಿನುಗುತ್ತಿದ್ದ ಆ ಬೆತ್ತಲೆ ಜಾಗ ಒಂದು ಅಕ್ಕಿಕಾಳಿನಷ್ಟೂ ಇರಲಿಲ್ಲ. ಮೆಕ್ಯಾನಿಕ್ ಹುಡುಗ ವೈರು ಬದಲಿಸಿದ. ಕಾಸು ಕೇಳಲಿಲ್ಲ, ಹೆಂಡತಿ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು.

ಭಾನುವಾರ ಕೆಂಗೇರಿಗೆ ಹೋದೆವು. ಸುಮನಹಳ್ಳಿಯಲ್ಲಿ ಸದ್ದಿಲ್ಲ, ಉಪನಗರದ ಕೊನೆಯ ಎಡ ತಿರುವಿನಲ್ಲೂ ಸದ್ದಿಲ್ಲ. ಬಾಗಿಲು ತೆರೆದ ಅತ್ತೆಯ ಮುಖ ಗಂಟಿಕ್ಕಿತ್ತು.

"ಮೂಲೆ ತಿರುಗೋವಾಗ್ಲೇ ಗೊತ್ತಾಗ್ತಿತ್ತು, ಹಾಲು ಒಲೆ ಮೇಲಿಡ್ತಿದ್ದೆ. ಈಗ ಕಾಫಿಗೆ ಕಾಯಿರಿ" ಎಂದು ಒಳಗೆ ಹೋದವರು ಅಲ್ಲಿಂದಲೇ ಮಗಳನ್ನು ಕೂಗಿ ಕೇಳಿದರು: "ಅಲ್ವೇ, ಚೆನ್ನಾಗಿದ್ದ ಗಾಡಿನ ರಿಪೇರಿಗೆ ಬಿಡು ಅಂತ ಅಳಿಯಂದ್ರಿಗೆ ಹೇಳಿದ್ದು ಯಾರೇ?"