ಬೆಳಕು ಚೆಲ್ಲುವ ಮೇಷ್ಟ್ರು

ವಿಚಾರ ಸಂಕಿರಣದ ಆಹ್ವಾನ ವಾಟ್ಸಾಪಿಗೆ ಬಂದು ಬೀಳುವುದೇ ತಡ, ನಮ್ಮ ಮೇಷ್ಟ್ರು ಸಾರಾಂಶ ಬರೆಯಲು ಕೂರುತ್ತಾರೆ. ಪ್ರಬಂಧ ಇನ್ನೂ ಹುಟ್ಟಿಲ್ಲ, ಬರೆಯುವುದು ಯಾವುದರ ಮೇಲೆ ಎಂದೂ ತೀರ್ಮಾನವಾಗಿಲ್ಲ. ಆದರೇನು, ಸಾರಾಂಶಕ್ಕೆ ಇವತ್ತು ಸಂಜೆಯೇ ಗಡುವು. ಮಿತಿ 250 ಪದ.

ಮೊದಲ ವಾಕ್ಯದ ಚಿಂತೆ ಅವರಿಗಿಲ್ಲ. ‘ಇಂದಿನ ಜಾಗತೀಕರಣದ ಯುಗದಲ್ಲಿ’ ಎಂಬುದು ಬಹುಕಾಲ ದುಡಿಯಿತು. ಈಚೆಗೆ ಅದನ್ನು ‘ಕೃತಕ ಬುದ್ಧಿಮತ್ತೆಯ ಯುಗದಲ್ಲಿ’ ಎಂದು ತಿದ್ದಿಕೊಂಡಿದ್ದಾರೆ. ಯುಗ ಬದಲಾಯಿತೇ ಹೊರತು ಮುಂದಿನ ವಾಕ್ಯಗಳು ಕದಲಲಿಲ್ಲ. ಬಹುಶಿಸ್ತೀಯ ಸಂಕಿರಣ ಎಂದಮೇಲೆ ವಚನವಾದರೂ ಸರಿ, ರಾಗಿ ಮಾರುಕಟ್ಟೆಯಾದರೂ ಸರಿ, ಕೊನೆ ಒಂದೇ: ‘ಚರ್ಚಿಸಲಾಗಿದೆ, ವಿಶ್ಲೇಷಿಸಲಾಗಿದೆ, ಹೊಸ ಬೆಳಕು ಚೆಲ್ಲಲು ಪ್ರಯತ್ನಿಸಲಾಗಿದೆ.’ ಚೆಲ್ಲಿದ ಮೇಲೆ ಏನು ಕಂಡಿತು ಎಂದು ಕೇಳಬಾರದು.

ಅವರ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿರುವ ಹುಡುಗಿ ಕೇಳಿಬಿಟ್ಟಳು. “ಸರ್, ಯಾಕೆ ಮಾಡಿದ್ವಿ, ಹೇಗೆ ಮಾಡಿದ್ವಿ, ಏನು ಸಿಕ್ಕಿತು, ಅದರಿಂದ ಏನಾಯ್ತು, ಇಷ್ಟನ್ನೂ ಸಾರಾಂಶದಲ್ಲೇ ಹೇಳಬೇಕಂತಲ್ಲ? ವೈದ್ಯಕೀಯ ಪತ್ರಿಕೆಗಳು 1987ರ ಹೊತ್ತಿಗೇ ಒಂದೊಂದಕ್ಕೂ ಶೀರ್ಷಿಕೆ ಕೊಟ್ಟು ಬರೆಸೋಕೆ ಶುರುಮಾಡಿದ್ವಂತೆ.”

“ಸಿಕ್ಕಿದ್ದನ್ನು ಮೊದಲೇ ಹೇಳಿಬಿಟ್ಟರೆ ಪ್ರಬಂಧ ಯಾರಮ್ಮ ಓದ್ತಾರೆ?”

ಸಾರಾಂಶದಾಚೆಗೆ ಓದುವವರೇ ವಿರಳ ಎಂಬುದು ಮೇಷ್ಟ್ರಿಗೂ ಗೊತ್ತು. ಬೇರೆಯವರದನ್ನು ಅವರೂ ಹಾಗೆಯೇ ಓದುವುದು. ಸೋಮಾರಿ ಎಂದು ಜನ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಒಂದೇ ದಿನ ಮೂರು ಸಂಕಿರಣಕ್ಕೆ ಸಾರಾಂಶ ಕಳಿಸುವವರು ಸೋಮಾರಿ ಹೇಗಾದಾರು? ಅವರದು ಎಚ್ಚರ. ‘ಇಂಥದ್ದು ಸಿಕ್ಕಿತು’ ಎಂದರೆ ಯಾರಾದರೂ ಎದ್ದು ‘ತಪ್ಪು’ ಎಂದಾರು. ‘ಬೆಳಕು ಚೆಲ್ಲಲು ಪ್ರಯತ್ನಿಸಲಾಗಿದೆ’ ಎಂಬುದನ್ನು ಅಲ್ಲಗಳೆದವರು ಈ ಭೂಮಿಯ ಮೇಲೆ ಇಲ್ಲ.

ಹುಡುಗಿ ಬಿಡಲಿಲ್ಲ. 2011ರಲ್ಲಿ ನ್ಯೂಟ್ರಿನೊಗಳು ಬೆಳಕಿಗಿಂತ ವೇಗವಾಗಿ ಓಡಿದವೆಂದು ದೊಡ್ಡ ಗುಲ್ಲೆದ್ದಿತ್ತಲ್ಲ, ಆಗ ಭೌತವಿಜ್ಞಾನಿ ಮೈಕೆಲ್ ಬೆರ್ರಿ ಮತ್ತು ಸಂಗಡಿಗರು ಬರೆದ ಪ್ರಬಂಧವೊಂದನ್ನು ಫೋನಿನಲ್ಲಿ ತೆಗೆದು ಹಿಡಿದಳು. ಆ ವೇಗಕ್ಕೆ ಕ್ವಾಂಟಮ್ ಮಾಪನದ ಒಂದು ವೈಚಿತ್ರ್ಯ ಕಾರಣವಿರಬಹುದೇ ಎಂಬ ಪ್ರಶ್ನೆಯೇ ಶೀರ್ಷಿಕೆ. ಕೆಳಗೆ ಪೂರ್ತಿ ಸಾರಾಂಶ: ‘ಬಹುಶಃ ಇಲ್ಲ.’

ಮೇಷ್ಟ್ರು ಕನ್ನಡಕ ಹಣೆಗೇರಿಸಿ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿದರು. ಮುಂದೆ ಏನೂ ಬರಲಿಲ್ಲ.

“ಲೇಖಕರು ಎಷ್ಟು ಜನ?”

“ನಾಲ್ಕು ಜನ, ಸರ್.”

“ತಲೆಗೆ ಅರ್ಧ ಪದ! ನಮ್ಮ ಕಡೆ ಇದಕ್ಕೆ ಸರ್ಟಿಫಿಕೇಟೂ ಕೊಡಲ್ಲಮ್ಮ, ಊಟದ ಕೂಪನ್ನೂ ಕೊಡಲ್ಲ.”