ಹುಳುಮನೆಯ ಥರ್ಮಾಮೀಟರು

ನನ್ನ ಅಕ್ಕನ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತಾನೆ. ಕೂರುವುದಕ್ಕೆ ಸಂಬಳ ಕೊಡುವ ಆ ಕಂಪನಿಯೇ, ಕೂತದ್ದು ಜಾಸ್ತಿಯಾಯಿತು ಎದ್ದು ನಡೆ ಎಂದು ಎಚ್ಚರಿಸಲು ಅವನ ಕೈಗೊಂದು ಗಡಿಯಾರವನ್ನೂ ಕಟ್ಟಿದೆ. ದಿನಕ್ಕೆ 10,000 ಹೆಜ್ಜೆ ಹಾಕಿದವರಿಗೆ ಅಂಕ, ಅಂಕ ಜಾಸ್ತಿ ಬಂದವರಿಗೆ ಕೂಪನ್ನು. ಇದಕ್ಕೆ ಅವರು ವೆಲ್‌ನೆಸ್ ಕಾರ್ಯಕ್ರಮ ಅನ್ನುತ್ತಾರೆ. ದೀಪಾವಳಿಗೆ ಕೊಳ್ಳೇಗಾಲಕ್ಕೆ ಬಂದವನು ರಾತ್ರಿ ಊಟ ಮುಗಿಸಿ ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ನಡುಮನೆಗೆ ಸುತ್ತತೊಡಗಿದ. ನಮ್ಮವ್ವ ಸ್ವಲ್ಪ ಹೊತ್ತು ನೋಡಿ, ‘ಏನ್ ಮಗ, ಏನಾರ ಕಳ್ಕಂಡಿದ್ದೀಯಾ?’ ಅಂದಳು. ‘ಇನ್ನೂ ಎರಡು ಸಾವಿರ ಕಮ್ಮಿ ಐತೆ ಅಜ್ಜಿ’ ಅಂದ. ಅವ್ವ ಗಾಬರಿಬಿದ್ದು ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದಳು.

ಮಾರನೆಯ ದಿನ ಅವನಿಗೆ ಬುದ್ಧಿ ಬಂತು. ನಮ್ಮ ಬೀದಿಯ ಹುಡುಗನೊಬ್ಬ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದ. ಹನೂರು, ಕೌದಳ್ಳಿ ದಾಟಿ, ತಾಳಬೆಟ್ಟದಿಂದ ಮೇಲೆ ಹತ್ತುವ ದಾರಿ. ನಮ್ಮ ಕಡೆ ಶಿವರಾತ್ರಿ, ದೀಪಾವಳಿ ಬಂತೆಂದರೆ ರಸ್ತೆಯ ಎಡಬಲದಲ್ಲಿ ಹೆಗಲಿಗೆ ಟವಲು, ಬಾಯಲ್ಲಿ ಉಘೇ ಮಾದಪ್ಪ, ಕಾಲಲ್ಲಿ ಬೊಬ್ಬೆ ಇಟ್ಟುಕೊಂಡ ಜನ ಹರಿಯುತ್ತಲೇ ಇರುತ್ತಾರೆ. ಗಡಿಯಾರ ಆ ಹುಡುಗನ ಕೈಯೇರಿ ಬೆಟ್ಟ ಹತ್ತಿತು. ಇತ್ತ ಅಳಿಯರಾಯರು ಒಬ್ಬಟ್ಟು ತಿಂದು ಮಲಗಿದ್ದರು. ನಿಮ್ಮ ಸಂಕಲ್ಪಶಕ್ತಿ ನಮಗೆಲ್ಲ ಸ್ಫೂರ್ತಿ ಎಂದು ಕಂಪನಿಯಿಂದ ಅವನಿಗೆ ಸಂದೇಶ ಬಂತು. ಕೂಪನ್ನನ್ನು ಮಾದಪ್ಪನ ಹುಂಡಿಗೆ ಹಾಕಬೇಕೆಂದು ಅವ್ವ ಹಟ ಹಿಡಿದಳು. ಅದು ಮೊಬೈಲಿನೊಳಗೆ ಮಾತ್ರ ಇರುವ ವಸ್ತು ಎಂದು ಅವಳಿಗೆ ತಿಳಿಸುವಷ್ಟರಲ್ಲಿ ಹಬ್ಬ ಮುಗಿದಿತ್ತು.

ಈ ಹತ್ತು ಸಾವಿರದ ಲೆಕ್ಕವನ್ನು ಯಾವ ವೈದ್ಯನೂ ಹುಟ್ಟಿಸಿದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದು ಜಪಾನಿನಲ್ಲಿ ನಡಿಗೆಯ ಹುಚ್ಚು ಹತ್ತಿದಾಗ, 1965ರಲ್ಲಿ ಅಲ್ಲೊಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾಡಿ, ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಹೆಸರಿಟ್ಟು ಮಾರಿತು. ಸರಕು ಮಾರಲು ಹೇಳಿದ ಸಂಖ್ಯೆ ಈಗ ಜಗತ್ತಿನ ಕಚೇರಿಗಳಲ್ಲೆಲ್ಲ ನೇಮ ನಿಷ್ಠೆಯಾಗಿದೆ.

ಇಷ್ಟೆಲ್ಲ ಮಾಡಿದರೆ ಜನ ಜಾಸ್ತಿ ಕೆಲಸ ಮಾಡುತ್ತಾರೆಯೇ ಎಂದು ಅಮೆರಿಕದವರಿಗೇ ಅನುಮಾನ ಬಂತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ತಮ್ಮದೇ ನೌಕರರಲ್ಲಿ ಮುಂದೆ ಬಂದ ಸುಮಾರು 5,000 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ತಪಾಸಣೆ, ತರಗತಿ, ಬಹುಮಾನ. ಇನ್ನೊಂದು ಪಾಲಿಗೆ ಏನೂ ಇಲ್ಲ. ಕೊನೆಗೆ ನೋಡಿದರೆ ಆಸ್ಪತ್ರೆಯ ಖರ್ಚಿನಲ್ಲಾಗಲಿ, ರಜೆಯಲ್ಲಾಗಲಿ, ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಬಿಜೆಸ್ ಎಂಬ ದೊಡ್ಡ ಅಂಗಡಿ ಸರಣಿಯ ಸುಮಾರು 33,000 ನೌಕರರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯ ಫಲವೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಕಂಪನಿಗಳಿಗೆ ಇದರಿಂದ ಲಾಭವಿದೆ ಎಂದು ಇಷ್ಟು ದಿನ ಅನ್ನಿಸಿದ್ದು ಹೇಗೆ? ಅದಕ್ಕೆ ಇಲಿನಾಯ್‌ನವರೇ ಕಾರಣ ಹುಡುಕಿದ್ದಾರೆ: ಇಂಥ ಕಾರ್ಯಕ್ರಮಕ್ಕೆ ಬಂದು ಸೇರುವವರು ಮೊದಲೇ ಗಟ್ಟಿಮುಟ್ಟಾಗಿರುವವರು.

ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಿರಲಿಲ್ಲ. ನಾನು ಗುಮಾಸ್ತನಾಗಿದ್ದ ಕಚೇರಿಗೆ ಬಂದು ಒಂದು ಜೂನ್ 21ರಂದು ನಿಂತಿದ್ದರೆ ಸಾಕಿತ್ತು. ಯೋಗ ದಿನ ಶುರುವಾದ 2015ರಿಂದ ನಮ್ಮಲ್ಲೂ ಅಂಗಳಕ್ಕೆ ಜಮಖಾನ ಹಾಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು, ಹೇಗೂ ದಿನಾ ಬೆಳಗಿನ ಜಾವ ಮರಡಿಗುಡ್ಡ ಹತ್ತಿ ಇಳಿಯುವ ಮಂದಿ. ಬೀಪಿ, ಶುಗರು ಎರಡೂ ಇದ್ದವರು ಬ್ಯಾನರು ಹಿಡಿಯುವುದು, ಉಪ್ಪಿಟ್ಟು ಬಂತೇ ನೋಡುವುದು ಮೊದಲಾದ ಜವಾಬ್ದಾರಿಗಳನ್ನು ಹೊತ್ತು ಹಿಂದೆ ನಿಲ್ಲುತ್ತಿದ್ದರು. ನನ್ನ ಪಕ್ಕದ ಮೇಜಿನ ಕೇಸ್ ವರ್ಕರಿಗೆ ವಿಪರೀತ ಬೆನ್ನುನೋವು. ಅವರ ಕುರ್ಚಿಯ ಬೆನ್ನು ಮುರಿದು ತಂತಿಯಲ್ಲಿ ಕಟ್ಟಿದ್ದರು. ಬೆನ್ನಿಗೆ ಭುಜಂಗಾಸನ ಒಳ್ಳೆಯದೆಂದು ಬಂದವರು ಹೇಳಿಕೊಟ್ಟರು. ಅವರೂ ಶ್ರದ್ಧೆಯಿಂದ ಮಾಡಿದರು. ಎದ್ದು ಹೋಗಿ ಅದೇ ಕುರ್ಚಿಯಲ್ಲಿ ಕೂತರು. ಹೊಸ ಕುರ್ಚಿ ಕೇಳಿದ ಫೈಲು, ಹಳೆಯದರ ಖರೀದಿ ರಸೀದಿ ಲಗತ್ತಿಸಿ ಎಂಬ ಷರಾ ಹೊತ್ತು ವಾಪಸು ಬಂದಿತ್ತು.

ನಮ್ಮ ಸೀಮೆಯಲ್ಲಿ ಕೆಲಸಗಾರರ ಕ್ಷೇಮವನ್ನು ನಿಜವಾಗಿ ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಯೋಚಿಸುತ್ತ ಹೋದರೆ, ಇದ್ದಾರೆ. ಆದರೆ ಆ ಕೆಲಸಗಾರನಿಗೆ ಹದಿನಾರು ಕಾಲು. ರೇಷ್ಮೆ ಹುಳು.

ಯಳಂದೂರಿನ ಕಡೆ ನಮ್ಮ ನೆಂಟರೊಬ್ಬರ ಹುಳುಮನೆಗೆ ಹೋದರೆ ಚಪ್ಪಲಿ ಹೊರಗೆ ಬಿಡಬೇಕು. ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಕಾಲದ್ದಿ ಒಳಗಿಡಬೇಕು. ಸೆಂಟು ಹಾಕಿಕೊಂಡು ಹೋಗುವಂತಿಲ್ಲ, ಬೀಡಿ ಸೇದಿ ಹೋಗುವಂತಿಲ್ಲ. ಒಮ್ಮೆ ನಾನು ಬಾಗಿಲಲ್ಲಿ ಸೀನಿದ್ದಕ್ಕೆ ಅತ್ತಿಗೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಗೋಡೆಗೆ ಥರ್ಮಾಮೀಟರು ನೇತುಹಾಕಿದ್ದಾರೆ. ದೊಡ್ಡ ಹುಳುವಿಗೆ 24-25 ಡಿಗ್ರಿ ಹಿತ, ಚಾಕಿ ಹುಳುವಿಗೆ, ಅಂದರೆ ಎಳೆಯದಕ್ಕೆ, ಇನ್ನೆರಡು ಡಿಗ್ರಿ ಮೇಲೆ. ಬಿಸಿಲೇರಿದರೆ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಾರೆ, ಚಳಿಯಾದರೆ ಇದ್ದಿಲ ಒಲೆ ಇಡುತ್ತಾರೆ. ಊಜಿ ನೊಣ ಬಾರದಂತೆ ನೈಲಾನ್ ಪರದೆ. ಎಳೆ ಹುಳುವಿಗೆ ಕುಡಿ ಸೊಪ್ಪು, ಬಲಿತದ್ದಕ್ಕೆ ಬಲಿತ ಸೊಪ್ಪು. ಸೊಪ್ಪಿಗೆ ಔಷಧಿ ಹೊಡೆದಿದ್ದರೆ ಇಷ್ಟು ದಿನ ಮುಟ್ಟುವಂತಿಲ್ಲ ಎಂಬ ಲೆಕ್ಕ ಬೇರೆ. ಬೆಳೆಯುವಾಗ ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆ ಒಂದು ದಿನ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಆಗ ಯಾರೂ ಸೊಪ್ಪು ಹಾಕುವುದಿಲ್ಲ, ಹಾಸಿಗೆ ಮುಟ್ಟುವುದಿಲ್ಲ, ಸುಣ್ಣದ ಪುಡಿ ಉದುರಿಸಿ ಸುಮ್ಮನಿರುತ್ತಾರೆ. ವೈದ್ಯರ ಸರ್ಟಿಫಿಕೇಟು ಕೇಳುವುದಿಲ್ಲ. ಎಲ್ಲ ಹುಳುವೂ ಎದ್ದ ಮೇಲೇ ಸೊಪ್ಪು.

ನಾನು ಇಷ್ಟು ವರ್ಷ ನೋಡಿದ್ದೇನೆ, ಯಾವ ರೈತನೂ ತಟ್ಟೆಯ ಮುಂದೆ ನಿಂತು, ನೋಡಿ ಹುಳುಗಳೇ, ಬಿಸಿಲು ಮೂವತ್ತೆಂಟು ಡಿಗ್ರಿ ಇದೆ, ದೀರ್ಘವಾಗಿ ಉಸಿರೆಳೆದುಕೊಳ್ಳಿ, ಎಂದು ಹೇಳಿದ್ದಿಲ್ಲ. ಹುಳು ಸೊರಗಿದರೆ ಅವನು ಮನೆಯನ್ನು ನೋಡುತ್ತಾನೆ, ಸೊಪ್ಪನ್ನು ನೋಡುತ್ತಾನೆ, ಗಾಳಿಯನ್ನು ನೋಡುತ್ತಾನೆ. ಹುಳುವಿನ ಮನೋಭಾವವನ್ನು ಯಾರೂ ತಿದ್ದಲು ಹೋಗುವುದಿಲ್ಲ. ಫಲ ಏನೆಂಬುದು ಗೂಡಿನ ಮಾರುಕಟ್ಟೆಯ ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಈ ಕೆಲಸಗಾರನ ನಿವೃತ್ತಿಯನ್ನು ಮಾತ್ರ ನೆನೆಯಬಾರದು. ಗೂಡು ಕಟ್ಟಿ ಮುಗಿದ ಮೇಲೆ ಅವನಿಗೆ ಸಿಗುವುದು ಕುದಿವ ನೀರು.

ಹುಳುವಿನ ಆರೋಗ್ಯಕ್ಕಾಗಿ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ. ಫ್ರಾನ್ಸಿನ ರೇಷ್ಮೆಗೆ ಗಂಟು ರೋಗ ಬಡಿದಾಗ 1865ರಲ್ಲಿ ಲೂಯಿ ಪಾಶ್ಚರನನ್ನೇ ಕರೆಸಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಡಿ ನೋಡಿ, ರೋಗವಿದ್ದರೆ ಮೊಟ್ಟೆ ಎಸೆಯಿರಿ ಎಂದು ಆತ ತೋರಿಸಿಕೊಟ್ಟ ದಾರಿಯನ್ನೇ ಇವತ್ತಿಗೂ ನಮ್ಮ ಬಿತ್ತನೆ ಕೇಂದ್ರಗಳು ಹಿಡಿದಿವೆ. ಆ ಕೆಲಸದ ನಡುವೆಯೇ, 1868ರಲ್ಲಿ, ಆತನಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತವು. ಆಗ ವಯಸ್ಸು ನಲವತ್ತೈದು. ಎದ್ದು ಕೂತವನೇ ಮತ್ತೆ ಹುಳು ನೋಡಲು ಹೊರಟ. ಅಂಥವನ ಕೈಗೆ ಗಡಿಯಾರ ಕಟ್ಟಿದ್ದರೂ ಕಿತ್ತೆಸೆಯುತ್ತಿದ್ದ.

ಯಳಂದೂರು ಅಂದಾಗ ದಿವಾನ್ ಪೂರ್ಣಯ್ಯನವರು ನೆನಪಾಗುತ್ತಾರೆ. ಹೈದರ್, ಟಿಪ್ಪು, ಆಮೇಲೆ ಮೈಸೂರು ಅರಸರು, ಹೀಗೆ ಮೂರು ಕಡೆ ದುಡಿದು ಮೂರು ಕಡೆಯೂ ಸೈ ಅನ್ನಿಸಿಕೊಂಡ ನೌಕರ ಇನ್ನೊಬ್ಬರಿಲ್ಲ. 1807ರಲ್ಲಿ ಅವರಿಗೆ ಯಳಂದೂರನ್ನು ಜಹಗೀರಾಗಿ ಕೊಟ್ಟರು. ನೌಕರನೊಬ್ಬನಿಗೆ ಇಡೀ ಯಳಂದೂರನ್ನೇ ಕೊಡುವ ಕಾರ್ಯಕ್ರಮದ ಮುಂದೆ ಈಗಿನ ಕೂಪನ್ನು ಯಾವ ಲೆಕ್ಕ? ಆದರೆ ಪೂರ್ಣಯ್ಯನವರು 1811ರಲ್ಲಿ ಕೆಲಸ ಬಿಟ್ಟರು, 1812ರಲ್ಲಿ ತೀರಿಕೊಂಡರು. ಉಂಡವರು ಮಕ್ಕಳು ಮೊಮ್ಮಕ್ಕಳು.

ಮತ್ತೆ ರೇಷ್ಮೆಗೆ ಬರುತ್ತೇನೆ. ಹುಳುಮನೆ ದಾಟಿ ಗೂಡು ನೂಲು ಬಿಚ್ಚುವಲ್ಲಿಗೆ ಬಂತೆಂದರೆ ಥರ್ಮಾಮೀಟರು ಮಾಯ. ಯಳಂದೂರಿನ ಮಾಂಬಳ್ಳಿ, ಅತ್ತ ಸಂತೇಮರಹಳ್ಳಿ ಕಡೆ ಸರ್ಕಾರಿ ನೂಲಿನ ಕಾರ್ಖಾನೆಗಳಿದ್ದ ಕಾಲವೊಂದಿತ್ತು. ಅದರಾಚೆಗೆ, ಹೆಂಚಿನ ಮನೆಯ ಹಿಂದಿನ ಶೆಡ್ಡಿನಲ್ಲಿ ನಡೆಯುವ ಬಿಚ್ಚಾಣಿಕೆಯನ್ನು ನೀವು ನೋಡಬೇಕು. ಹಬೆ, ಸತ್ತ ಹುಳುವಿನ ನಾತ, ಬಿಸಿನೀರಿನಲ್ಲಿ ದಿನವಿಡೀ ಎಳೆ ಹುಡುಕುವ ಬೆರಳು. ಆ ಹೆಂಗಸರ ಬೆರಳ ತುದಿ ಬೆಂದು ಬಿಳಿಚಿ ಬಿರುಕು ಬಿಟ್ಟಿರುತ್ತದೆ. ಆಧಾರ್ ಕಾರ್ಡಿಗೆ ಬೆರಳಚ್ಚು ಬೀಳುವುದಿಲ್ಲ ಎಂದು ಒಬ್ಬಾಕೆ ನಗುತ್ತ ಹೇಳಿದ್ದರು: ‘ಮಿಷನ್ನು ನನ್ನ ಗುರ್ತೇ ಹಿಡಿಯಾಕಿಲ್ಲ ಅಂತದ ಕಣಣ್ಣ.’ ಅದೇ ಹುಳು ಬದುಕಿದ್ದಾಗ ಅದರ ಕೋಣೆಯಲ್ಲಿ ಇದ್ದ ಗಾಳಿ, ತಂಪು, ನೆರಳು ಯಾವುದೂ ಇವರಿಗಿಲ್ಲ. 1948ರ ಫ್ಯಾಕ್ಟರಿ ಕಾಯ್ದೆ ಕುಡಿಯುವ ನೀರು, ಕೂರಲು ಜಾಗ, ಕೈತೊಳೆಯುವ ವ್ಯವಸ್ಥೆ, 250 ಜನ ಮೀರಿದರೆ ಕ್ಯಾಂಟೀನು, ಹೆಂಗಸರು 30 ದಾಟಿದರೆ ಕೂಸುಗಳಿಗೊಂದು ಕೋಣೆ ಎಂದೆಲ್ಲ ಬರೆದಿಟ್ಟಿತ್ತು. ಈಗ ವೆಲ್‌ನೆಸ್ ಎಂದು ಕರೆಯುವುದಕ್ಕಿಂತ ಎಷ್ಟೋ ಒಳ್ಳೆಯ ಪಟ್ಟಿ ಅದು. ಆದರೆ ಕರೆಂಟಿನ ಯಂತ್ರವಿದ್ದು ಹತ್ತು ಜನಕ್ಕಿಂತ ಕಮ್ಮಿ ಇದ್ದರೆ ಆ ಕಾಯ್ದೆ ಬಾಗಿಲಾಚೆಯೇ ನಿಲ್ಲುತ್ತಿತ್ತು. ಶೆಡ್ಡುಗಳಲ್ಲಿ ಯಾವತ್ತೂ ಇರುವುದು ಎಂಟೊಂಬತ್ತು ಜನ.

ಮನುಷ್ಯರಿಗೂ ಹುಳುಮನೆಯ ನ್ಯಾಯ ನಡೆಯುತ್ತದೆ ಎನ್ನುವುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಸಿಕ್ಕಿದೆ. ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಉರಿಯುತ್ತಿದ್ದ ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದ್ದರು. ಕರೆಂಟು ಉಳಿಯಲಿ ಎಂದು ಮಾಡಿದ್ದಷ್ಟೆ. ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಲೆಕ್ಕ ತೆಗೆದು ನೋಡಿದರೆ, ಹೊಸ ದೀಪ ಕಾಯದ ಕಾರಣ ಸೆಕೆ ತಗ್ಗಿ, ಬಿಸಿಲ ದಿನಗಳಲ್ಲಿ ಕೆಲಸವೇ ಜಾಸ್ತಿಯಾಗಿತ್ತು. ಯಾರಿಗೂ ಭಾಷಣವಿಲ್ಲ, ಅಂಕವಿಲ್ಲ, ಬಲ್ಬು ಬದಲಾಯಿತು. ಪಾಠವೆಲ್ಲ ದಂಡ ಎಂದು ನಾನು ಹೇಳುತ್ತಿಲ್ಲ. ಅದೇ ಮಂದಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮಾತಾಡುವುದು, ಸಮಯ ಹೊಂದಿಸುವುದು, ದುಡ್ಡು ನಿಭಾಯಿಸುವುದು ಕಲಿಸಿದಾಗಲೂ ಕೆಲಸ ಏರಿದ್ದನ್ನು ಕಂಡಿದ್ದಾರೆ. ಸೂಪರ್‌ವೈಸರ ಮುಂದೆ ಬಾಯಿಬಿಟ್ಟು, ಸಾರ್, ಈ ಮಿಷನ್ನು ಸರಿಯಿಲ್ಲ, ಅನ್ನುವ ಧೈರ್ಯ ಬಂದರೆ ಅದೂ ಬಲ್ಬು ಬದಲಿಸಿದಂತೆಯೇ ಇರಬೇಕು. ಹನೂರು, ಕೊಳ್ಳೇಗಾಲದ ಹಳ್ಳಿಗಳಿಂದಲೂ ಎಷ್ಟೋ ಹೆಣ್ಣುಮಕ್ಕಳು ಆ ಮಿಷನ್ನುಗಳ ಮುಂದೆ ಕೂರಲು ಹೋಗಿದ್ದಾರೆ.

ಚೆನ್ನೈಯಲ್ಲಿ ನಡೆದ ಪರೀಕ್ಷೆಯೊಂದು ನನಗೆ ಇನ್ನೂ ಇಷ್ಟ. ಕಂಪ್ಯೂಟರಿನಲ್ಲಿ ಮಾಹಿತಿ ಟೈಪು ಮಾಡುವ ಬಡವರಿಗೆ ರಾತ್ರಿ ನಿದ್ದೆ ಹೆಚ್ಚಿಸಲು ಕಣ್ಣಿಗೆ ಪಟ್ಟಿ, ಕಿವಿಗೆ ಹತ್ತಿ, ಬುದ್ಧಿವಾದ ಎಲ್ಲ ಕೊಟ್ಟರು. ರಾತ್ರಿ ಸುಮಾರು ಅರ್ಧ ಗಂಟೆ ಜಾಸ್ತಿ ಮಲಗಿದರು, ಕೆಲಸ ಮಾತ್ರ ಏರಲಿಲ್ಲ. ಅದೇ ಮಧ್ಯಾಹ್ನ ಕಚೇರಿಯಲ್ಲೇ ಅರ್ಧ ಗಂಟೆ ಮಲಗಲು ಬಿಟ್ಟಾಗ ಕೆಲಸವೂ ಚುರುಕಾಯಿತು, ಮನಸ್ಸೂ ಹಗುರಾಯಿತು. 2021ರಲ್ಲಿ ಇದು ಅಚ್ಚಾದಾಗ ನಾನು ಕಚೇರಿಯಲ್ಲಿ ನಡೆಸಿದ್ದ ಸ್ವಂತ ಪ್ರಯೋಗಗಳಿಗೆ ಕೊನೆಗೂ ಮಾನ್ಯತೆ ಸಿಕ್ಕಿತೆಂದು ಹಿಗ್ಗಿದೆ. ಹೆಂಡತಿ ಮುಂದಿನ ಸಾಲೂ ಓದಿಸಿದಳು: ಮಲಗಿದ ಆ ಅರ್ಧ ಗಂಟೆಯ ಕೆಲಸ ತಪ್ಪಿ, ಬಿಡುವಿಲ್ಲದೆ ದುಡಿದವರಿಗಿಂತ ಸಂಪಾದನೆ ಕಮ್ಮಿಯಾಗಿತ್ತು. ತಿಂಗಳ ಸಂಬಳದವನಿಗೆ ನಿದ್ದೆ ಆರೋಗ್ಯ. ಎಣಿಕೆಗೆ ಕೂಲಿ ಪಡೆಯುವವನಿಗೆ ನಿದ್ದೆ ಖರ್ಚು. ಕೊಳ್ಳೇಗಾಲದ ಮಗ್ಗದವರು ಇದನ್ನು ಯಾರೂ ಹೇಳದೆಯೇ ಬಲ್ಲರು. ಸೀರೆ ಇಳಿದರೆ ಕೂಲಿ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರ ಸೊಂಟ ಯಾವ ಆಸನಕ್ಕೂ ಕಾಯದೆ ತಾನೇ ಬಾಗಿರುತ್ತದೆ.

ಹನೂರಿನ ಕಡೆ ಕೆರೆಯೊಂದರಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸ ನಡೆಯುತ್ತಿದ್ದಾಗ ಅಲ್ಲಿಗೂ ಆರೋಗ್ಯ ತಪಾಸಣೆ ಬಂದಿತ್ತು. ಜಾಲಿ ಮರದ ನೆರಳಿಗೆ ಮೇಜು ಹಾಕಿ, ಆಶಾ ಕಾರ್ಯಕರ್ತೆ ಹೆಸರು ಬರೆದುಕೊಂಡು, ಇನ್ನೊಬ್ಬರು ಬೀಪಿ, ಶುಗರು ನೋಡುತ್ತಿದ್ದರು. ಒಳ್ಳೆಯ ಕೆಲಸ, ಎಷ್ಟೋ ಜನಕ್ಕೆ ತಮಗೆ ಬೀಪಿ ಇದೆಯೆಂಬುದು ಗೊತ್ತಾಗುವುದೇ ಇಂಥ ಕಡೆ. ಗುದ್ದಲಿ ಊರಿಕೊಂಡು ಬಂದ ಒಬ್ಬ ಹೆಂಗಸಿಗೆ ಪಟ್ಟಿ ಸುತ್ತಿ ಗಾಳಿ ಊದಿ, ‘ಜಾಸ್ತಿ ಐತೆ ಕಣಕ್ಕ, ಯೋಚ್ನೆ ಮಾಡ್ಬಾರ್ದು ನೀನು’ ಅಂದರು.

‘ಯೋಚ್ನೆ ನಾನೆಲ್ಲವ್ವ ಮಾಡನ’ ಅಂದಳು ಆಕೆ. ‘ಹೋದ ಸಲದ ಕೂಲಿ ಯಾವಾಗ್ ಬತ್ತದೆ, ಅದೊಂದ ಹೇಳ್ಬುಡು. ಅರ್ಧ ಬೀಪಿ ಇಲ್ಲೇ ಇಳಿತದೆ.’

ಹೆಸರು ಬರೆಯುತ್ತಿದ್ದ ಆಶಾ ತಲೆಯೆತ್ತಿದರು. ‘ಅದ ಆಮೇಕ್ ನೋಡವ, ಬುಡಕ್ಕ. ಮೊದ್ಲು ನಂಗೂ ಆ ಪಟ್ಟಿ ಸುತ್ತಿ ನೋಡ್ಲಿ. ಎರಡು ತಿಂಗಳಿಂದ ನಂದೂ ಬಂದಿಲ್ಲ.’